ನಲವತ್ತು ಸೆಂಟಿನ ಭಾಷಣ

ಓದದೆ ಸಹಿ ಹಾಕಬೇಡಿ ಅಂತ ಹನ್ನೊಂದು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಆ ಸೋಮವಾರ ಬೆಳಗ್ಗೆ ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಗೋಡೆಗೆ ಒರಗಿಸಿದ್ದ ಡ್ರಾಯಿಂಗ್ ಶೀಟಿನ ಮೂಲೆಗೆ ಓದದೆ ಸಹಿ ಹಾಕಿದವಳೂ ನಾನೇ.

ನಮ್ಮ ಕಾಲೇಜು ಮೂಡಿಗೆರೆಗೂ ಕಳಸಕ್ಕೂ ನಡುವೆ ಒಂದು ಗುಡ್ಡದ ಮೇಲಿದೆ. ಹೆಸರು ಬೇಡ. ನಾನು ಅಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಳಿದವರನ್ನು ಯಾರೂ ಅತಿಥಿ ಅನ್ನುವುದಿಲ್ಲ, ಮನೆ ಅಳಿಯ ಅನ್ನುತ್ತಾರೆ. ಸರ್ಕಾರದ ಭಾಷೆಯಲ್ಲಿ ಮಾತ್ರ ನಾನು ಇನ್ನೂ ಅತಿಥಿ. ಸ್ಟಾಫ್ ರೂಮಿನಲ್ಲಿ ನನಗೆ ಅಂತ ಒಂದು ಕುರ್ಚಿ ಇಲ್ಲ, ಆದರೆ ಯಾರೂ ಬೇಡ ಅಂದ ಕೆಲಸವೆಲ್ಲ ನನ್ನದೇ. ಹಾಗೆ ಬಂದದ್ದು ಗೋಡೆ ಪತ್ರಿಕೆ.

ಗೋಡೆ ಪತ್ರಿಕೆ ಅಂದರೆ ಆಫೀಸಿನ ಎದುರು ಗಾಜಿನ ಬಾಗಿಲಿನ ಒಂದು ಬೋರ್ಡು. ವಿದ್ಯಾರ್ಥಿಗಳು ಕೈಯಲ್ಲಿ ಬರೆದ ನಾಲ್ಕು ಶೀಟು ತಿಂಗಳಿಗೊಮ್ಮೆ ಅಲ್ಲಿ ಏರುತ್ತವೆ. ಮೊದಲು ಕರಡು ನೋಡಬೇಕು, ತಿದ್ದಬೇಕು, ಆಮೇಲೆ ಶುದ್ಧ ಪ್ರತಿಯ ಬಲಮೂಲೆಯಲ್ಲಿ ನನ್ನ ಸಹಿ. ಸಹಿ ಇಲ್ಲದ ಶೀಟಿಗೆ ಗಾಜಿನ ಬಾಗಿಲಿನ ಬೀಗ ತೆಗೆಯುವುದಿಲ್ಲ. ಇಷ್ಟು ಶಿಸ್ತು ಇಟ್ಟುಕೊಂಡವಳು ಆ ತಿಂಗಳು ಕರಡು ಬಿಟ್ಟು ನೇರ ಶುದ್ಧ ಪ್ರತಿಯಲ್ಲೇ ಸಂಪಾದಕೀಯ ಓದಿದೆ, ಎರಡು ಪದ್ಯ ಓದಿದೆ, ನಾಲ್ಕನೇ ಶೀಟಿನ ಹೊತ್ತಿಗೆ ಗಂಟೆ ಹೊಡೆಯಿತು. "ಇದೆಂತದು?" ಅಂದೆ. "ಮಳೆ ಪುಸ್ತಕ ಮೇಡಂ," ಅಂದಳು ಬರೆದ ಹುಡುಗಿ. ಸರಿ, ಮಾರ್ಚ್ ತಿಂಗಳು, ಊರೆಲ್ಲ ಮಳೆಯದ್ದೇ ಮಾತು, ಇವಳೂ ಬರೆದಿದ್ದಾಳೆ ಅಂದುಕೊಂಡು ಗೀಚಿದೆ.

ಬರೆದವಳು ಬಾಳೂರು ಕಡೆಯ ಹುಡುಗಿ, ಬಿ.ಎ. ಕೊನೇ ವರ್ಷ. ಅವಳ ಅಪ್ಪ ಒಂದು ಕಾಫಿ ಎಸ್ಟೇಟಿನ ರೈಟ್ರು. ಆಳುಗಳ ಹಾಜರಿ ಹಾಕುವುದು, ಹಣ್ಣು ಅಳೆಸುವುದು, ದಿನಾ ಬೆಳಗ್ಗೆ ಎಂಟು ಗಂಟೆಗೆ ಮಳೆ ಗೇಜಿನ ನೀರು ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಇಷ್ಟು ಇಂಚು, ಇಷ್ಟು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಕೊನೆಯಲ್ಲಿ ಷರಾ.

ನಮ್ಮ ಕಡೆಯ ಪ್ಲಾಂಟರುಗಳಿಗೆ ಮಾರ್ಚ್ ಬಂದರೆ ಫೋನ್ ಕಿವಿಯಿಂದ ಇಳಿಯುವುದಿಲ್ಲ. "ನಿಂಗೆಷ್ಟು ಬಂತು ಮಾರಾಯ?" "ಒಂದು ಇಂಚು. ನಿಂಗೆ?" ಇಂಚು ಬಂದರೆ ಹೂವು, ಆಮೇಲೆ ಮೂರು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಆ ಎರಡನೇ ಮಳೆಗೆ ಬ್ಯಾಕಿಂಗ್ ಅನ್ನುತ್ತಾರೆ. ಮೂವತ್ತು ನಲವತ್ತು ಸೆಂಟು ಮಾತ್ರ ಬಂದು ನಿಂತರೆ ಏನೂ ಬರದಿದ್ದಕ್ಕಿಂತ ಕೇಡು, ಮೊಗ್ಗು ಅರಳದೆ ಕೆಡುತ್ತದೆ. ಫೋನಿನಲ್ಲಿ ಎಲ್ಲರೂ ಸ್ವಲ್ಪ ಸೇರಿಸಿಯೇ ಹೇಳುವುದು. ಪುಸ್ತಕದಲ್ಲಿ ಮಾತ್ರ ಯಾರೂ ಸುಳ್ಳು ಬರೆಸುವುದಿಲ್ಲ. ಅದು ಇಲ್ಲಿಯ ಪದ್ಧತಿ.

ಮಂಗಳವಾರ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಪಾಪ, ಒಳ್ಳೆಯವರೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಮುಖ ಬೆಳ್ಳಗಾಗಿತ್ತು.

"ಎಂತ ಮಾಡಿಟ್ರಿ ಮೇಡಂ? ಅಧ್ಯಕ್ಷರ ಫೋನ್ ಬಂದಿತ್ತು. 'ಯಾರ್ರೀ ಅದನ್ನ ಬರೆದೋಳು? ಶುಕ್ರವಾರ ಬರ್ತೀನಿ, ಕರೆಸಿ' ಅಂತ ಇಟ್ಟೇಬಿಟ್ರು."

ಅಧ್ಯಕ್ಷರು ಅಂದರೆ ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು, ದೊಡ್ಡ ಪ್ಲಾಂಟರು. ಆ ಹುಡುಗಿಯ ಅಪ್ಪ ರೈಟ್ರಾಗಿರುವುದೂ ಅವರ ಎಸ್ಟೇಟಿನಲ್ಲೇ.

"ಅವರು ಏನಂದ್ರು ಸರ್? ಯಾವುದು ತಪ್ಪಾಯ್ತಂತೆ?"

"ಕೇಳೋಕೆ ಧೈರ್ಯ ಬೇಕಲ್ಲ! ಅವರ ಭಾಷಣಾನ ಮಳೆಗೆ ಹೋಲಿಸಿದ್ದಾಳಲ್ಲ, ಇನ್ನೆಂತ ತಪ್ಪಾಗ್ಬೇಕು? ಹುಡುಗೀನ ಸಸ್ಪೆಂಡ್ ಮಾಡಿದ್ದೀನಿ. ವಿಚಾರಣೆ ಆಗೋವರೆಗೆ ಗೇಟ್ ಒಳಗೆ ಬರೋ ಹಾಗಿಲ್ಲ."

ಶನಿವಾರ ಪರೀಕ್ಷೆ ಅರ್ಜಿಗೆ ಕೊನೆಯ ದಿನ. ಅರ್ಜಿಗೆ ಪ್ರಿನ್ಸಿಪಾಲರ ಸಹಿ ಬೇಕು. ಸಸ್ಪೆಂಡ್ ಆದವರಿಗೆ ಸಹಿ ಇಲ್ಲ. ಅಂದರೆ ಆ ಹುಡುಗಿಗೆ ಒಂದು ವರ್ಷ ಹೋಯಿತು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಹೋದ ವರ್ಷ ವಾಪಸ್ ಬರುತ್ತದೆ ಅನ್ನುವ ನಂಬಿಕೆ ನನಗಿರಲಿಲ್ಲ. ಪ್ರಿನ್ಸಿಪಾಲರೇ ದಾರಿ ಹೇಳಿದರು: ಹುಡುಗಿ 'ನಾನು ಬರೆದ ಅಳತೆಯೆಲ್ಲ ಸುಳ್ಳು, ಕ್ಷಮಿಸಿ' ಅಂತ ಬರೆದುಕೊಡಬೇಕು. ನಾನು 'ಈ ಬರಹವನ್ನು ಓದಿಲ್ಲ, ಗೊತ್ತಿಲ್ಲದೆ ಸಹಿ ಹಾಕಿದ್ದೇನೆ' ಅಂತ ಬರೆದುಕೊಡಬೇಕು. "ನಿಮ್ಮ ಮುಂದಿನ ವರ್ಷದ ನೇಮಕಾತಿ ಆದೇಶಕ್ಕೂ ಒಳ್ಳೇದು," ಅಂದರು ಮೆಲ್ಲಗೆ.

ತಮಾಷೆ ನೋಡಿ, ಅವಳಿಂದ ಬರೆಸುವುದು ಸುಳ್ಳು, ನನ್ನಿಂದ ಬರೆಸುವುದು ನಿಜ. ಓದಿರಲಿಲ್ಲವಲ್ಲ ನಾನು!

ಶೀಟಿನ ಫೋಟೋ ಫೋನಿನಲ್ಲಿತ್ತು. ಸಂಜೆ ಮನೆಗೆ ಹೋಗಲು ಆಲ್ದೂರಿನ ಬಸ್ಸಿನಲ್ಲಿ ಕೂತು ಮೊದಲ ಸಲ ಪೂರ್ತಿ ಓದಿದೆ. ಮೇಲೆ ದಪ್ಪಕ್ಷರದಲ್ಲಿ: ಗಣರಾಜ್ಯೋತ್ಸವದ ಮಳೆ ಪುಸ್ತಕ. ವಿಷಯ: ಸಂವಿಧಾನ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ. ಗೇಜು ಇಟ್ಟ ಜಾಗ: ಮೂರನೇ ಬೆಂಚು. ಅಳತೆ: ಒಂದು ಗಂಟೆ ಮಾತಿಗೆ ಒಂದು ಇಂಚು.

ಪ್ರಿನ್ಸಿಪಾಲರ ಸ್ವಾಗತ ಭಾಷಣ: ಐವತ್ತು ಸೆಂಟು. ಷರಾ: ಗುಡುಗು ಜಾಸ್ತಿ. ನೀರೆಲ್ಲ ಚರಂಡಿಗೆ ಹೋಯಿತು.

ಮುಖ್ಯ ಅತಿಥಿಗಳು: ಒಂದು ಇಂಚು ಇಪ್ಪತ್ತೈದು ಸೆಂಟು. ಷರಾ: ಕುಡಿಯುವ ನೀರಿನ ಫಿಲ್ಟರ್ ಕೊಡುತ್ತೇನೆ ಎಂದರು. ಒಂದೇ ವಾರಕ್ಕೆ ಬಂತು. ಹೂವೂ ಆಯಿತು, ಬ್ಯಾಕಿಂಗೂ ಆಯಿತು.

ಅಧ್ಯಕ್ಷರು: ನಲವತ್ತು ಸೆಂಟು. ಷರಾ: ಹುಡುಗಿಯರಿಗೆ ಓದುವ ಕೋಣೆ ಎಂದರು. ಮೂರು ವರ್ಷದಿಂದ ಇದೇ ಮಾತು. ಬ್ಯಾಕಿಂಗ್ ಇಲ್ಲ. ಮೊಗ್ಗು ಕೆಟ್ಟಿತು.

ನನಗೆ ನಗು ತಡೆಯಲಾಗಲಿಲ್ಲ. ಕಂಡಕ್ಟರ್ ಹತ್ತಿರ ಬಂದು "ಎಂತ ಮೇಡಂ, ಕಾಮಿಡಿ ವಿಡಿಯೋನಾ? ನಮಗೂ ಕಳ್ಸಿ," ಅಂದ. ಆಮೇಲೆ ಕೊನೆಯ ಸಾಲು ಕಣ್ಣಿಗೆ ಬಿತ್ತು. ವಂದನಾರ್ಪಣೆ, ಕನ್ನಡ ಮೇಡಂ: ಹತ್ತು ಸೆಂಟು. ಷರಾ: ಜಿಟಿಜಿಟಿ. ಯಾರಿಗೂ ಉಪಯೋಗವಿಲ್ಲ, ಬಟ್ಟೆ ಮಾತ್ರ ಒಣಗಲಿಲ್ಲ.

ಎದೆಯೊಳಗೆ ಚುರ್ ಅಂತು. ಅಬ್ಬಾ, ಈ ಹುಡುಗಿ! ಒಂದು ಸ್ಟಾಪು ದಾಟುವವರೆಗೂ ಅವಳ ಮೇಲೆ ಕೋಪ ಇತ್ತು. ಆಮೇಲೆ ಆ ವಂದನಾರ್ಪಣೆ ನೆನಪಿಸಿಕೊಂಡೆ. ಶಾಮಿಯಾನದವರಿಗೆ, ಮೈಕಿನವರಿಗೆ, ಮೈಕಿನವರಿಗೆ ಇನ್ನೊಮ್ಮೆ. ಜಿಟಿಜಿಟಿಯೇ ಅದು.

ವಿಡಂಬನೆಯ ಲಕ್ಷಣಗಳನ್ನು ಸೋದಾಹರಣವಾಗಿ ವಿವರಿಸಿ ಅಂತ ಪ್ರತಿ ವರ್ಷ ಪ್ರಶ್ನೆ ಕೊಡುತ್ತೇನೆ. ನೂರಾರು ವರ್ಷದ ಹಿಂದಿನವರು ರಾಜನನ್ನು ಬೈದದ್ದು ಬರೆದರೆ ಹತ್ತಕ್ಕೆ ಎಂಟು. ಇವಳು ನಮ್ಮನ್ನೇ ಬರೆದಳು, ಸಿಕ್ಕಿದ್ದು ನೋಟಿಸು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದವರೇ!

ಗುರುವಾರ ಹುಡುಗಿಯ ಅಪ್ಪ ಬಂದರು. ಅವಳನ್ನು ಗೇಟ್ ಒಳಗೆ ಬಿಡುವುದಿಲ್ಲವಲ್ಲ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂವರೂ ಬನ್ಸ್ ಮುಂದೆ ಇಟ್ಟುಕೊಂಡು ಕೂತೆವು. ರೈಟ್ರು ಕ್ಷಮಾಪಣೆ ಪತ್ರವನ್ನು ತಾವೇ ಬರೆದು ತಂದಿದ್ದರು. ಮುತ್ತಿನಂಥ ಅಕ್ಷರ. ಅವಳ ಸಹಿ ಒಂದು ಬಾಕಿ.

"ನೀವಾದ್ರೂ ಒಂದು ಮಾತು ಹೇಳಿ ಮೇಡಮ್ಮೋರೆ. ಸಾವ್ಕಾರ್ರ ಅನ್ನ ತಿಂತಾ ಇದ್ದೀವಿ. ಇಪ್ಪತ್ತೆರಡು ವರ್ಷದಲ್ಲಿ ಅವ್ರು ನಂಗೆ ಗದರಿದ್ದು ಒಂದೇ ಸಲ."

ಒಪ್ಪಿಕೊಳ್ಳುತ್ತೇನೆ, ನನ್ನ ಬಾಯಿಂದ ಬಂದ ಮೊದಲ ಮಾತು: "ಹಾಕಿಬಿಡು ಮಾರಾಯ್ತಿ. ಪರೀಕ್ಷೆ ಮುಖ್ಯ."

ಅವಳು ಪತ್ರ ಓದಿದಳು. ಓದಿಯೇ ಸಹಿ ಹಾಕುವ ಜಾತಿ ಅದು, ನನ್ನ ಹಾಗಲ್ಲ. "ಬೇಜಾರು ಮಾಡಿದ್ದಕ್ಕೆ ಕ್ಷಮೆ ಕೇಳ್ತೀನಿ ಅಪ್ಪ. ಆದರೆ ಇಲ್ಲಿ 'ಅಳತೆ ಸುಳ್ಳು' ಅಂತ ಬರೆದಿದ್ದೀರಲ್ಲ? ಅದಕ್ಕೆ ಹಾಕಲ್ಲ."

ಅಪ್ಪ ಬನ್ಸ್ ಕೆಳಗಿಟ್ಟರು. "ಸರಿಯಾಗಿ ನೋಡಿದ್ದೀಯಾ?"

"ವಾಚ್ ಇಟ್ಕೊಂಡು ನೋಡಿದ್ದೀನಿ. ಇಪ್ಪತ್ನಾಕು ನಿಮಿಷ. ಕಣದಲ್ಲಿ ಕಾಫಿ ಹಣ್ಣು ಒಣಗ್ತಾ ಇದೆ ಅಂತ ಬೇಗ ಎದ್ದುಹೋದ್ರು."

ರೈಟ್ರು ಜೇಬಿನಿಂದ ಪೆನ್ನು ತೆಗೆದು ಆ ಒಂದು ಸಾಲನ್ನು ಸ್ಕೇಲಿಟ್ಟ ಹಾಗೆ ನೇರವಾಗಿ ಹೊಡೆದುಹಾಕಿದರು. ಅವಳು ಸಹಿ ಹಾಕಿದಳು. ನಾನು ಪತ್ರ ಹಿಡಿದು ಗುಡ್ಡ ಹತ್ತಿದೆ. ಆ ಹೊಡೆದುಹಾಕಿದ ಸಾಲಿನ ಮೇಲೆ ಪ್ರಿನ್ಸಿಪಾಲರು ಬೆರಳಿಟ್ಟು, "ಮುಖ್ಯವಾದದ್ದೇ ಇದಲ್ವಾ ಮೇಡಂ? ಇದಿಲ್ದೆ ಆಗಲ್ಲ," ಅಂತ ವಾಪಸ್ ಕೊಟ್ಟರು. ಅಲ್ಲಿಗೆ ಒಂದು ದಾರಿ ಮುಚ್ಚಿತು.

ನನ್ನ ಪಿತ್ತ ನೆತ್ತಿಗೇರಿದ್ದು ಆಗಲೇ. ಅವರ ಮೇಲಲ್ಲ, ನನ್ನ ಮೇಲೆ. ಇಪ್ಪತ್ತು ವರ್ಷದ ಹುಡುಗಿ ಒಂದು ಸಾಲಿಗೆ ಇಷ್ಟು ಗಟ್ಟಿ ನಿಂತಿದ್ದಾಳೆ, ನಾನು ಬನ್ಸ್ ತಿನ್ನುತ್ತಾ ಹಾಕಿಬಿಡು ಅಂದೆ! ಶುಕ್ರವಾರ ಬೆಳಗ್ಗೆ ಖಾಲಿ ಕ್ಲಾಸ್‌ರೂಮಿನಲ್ಲಿ ಕೂತು ನನ್ನ ವಿವರಣೆ ಬರೆದೆ. ಮೂರು ಸಲ ಹರಿದೆ. ಕೊನೆಗೆ ಉಳಿದದ್ದು ನಾಲ್ಕೇ ಸಾಲು: "ಸೋಮವಾರ ಈ ಬರಹಕ್ಕೆ ನಾನು ಓದದೆ ಸಹಿ ಹಾಕಿದ್ದು ನಿಜ. ಅದು ನನ್ನ ತಪ್ಪು, ವಿದ್ಯಾರ್ಥಿನಿಯದಲ್ಲ. ಈಗ ಪೂರ್ತಿ ಓದಿದ್ದೇನೆ. ಓದಿದ ಮೇಲೆಯೂ ಸಹಿ ಹಾಕುತ್ತೇನೆ." ವಿಚಾರಣೆಗೆ ಸಾಕ್ಷಿ ಅಂತ ಶೀಟು ಇನ್ನೂ ಬೋರ್ಡಿನಲ್ಲೇ ಇತ್ತು, ಬೀಗದ ಕೈ ನನ್ನ ಹತ್ತಿರ. ಹೋಗಿ ಬಾಗಿಲು ತೆಗೆದು ಹಳೇ ಸಹಿಯ ಪಕ್ಕದಲ್ಲಿ ಇನ್ನೊಂದು ಹಾಕಿದೆ.

ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಪ್ರಿನ್ಸಿಪಾಲರ ಚೇಂಬರು. ಗೋಡೆಯಿಂದ ಇಳಿಸಿದ ಶೀಟನ್ನು ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಪೇಪರ್‌ವೇಟ್ ಇಟ್ಟಿದ್ದರು. ಅಧ್ಯಕ್ಷರು ಜೀಪಿನಿಂದ ಇಳಿದು ಧೂಳು ಕೊಡವಿಕೊಂಡು ಬಂದು ಕೂತರು. ಹುಡುಗಿ ಒಂದು ಪಕ್ಕ ನಿಂತಳು. ಅವಳ ಅಪ್ಪ ಹೊರಗೆ ಜಗಲಿಯಲ್ಲಿ. ನಾನು ನನ್ನ ಪತ್ರ ಕೊಟ್ಟೆ. ಪ್ರಿನ್ಸಿಪಾಲರು ಅದನ್ನು ಓದಿ, ಫೈಲಿನ ಅಡಿಗೆ ತಳ್ಳಿ, ಎದ್ದು ನಿಂತು ಆರೋಪ ಓದಲು ಶುರು ಮಾಡಿದರು.

"ಮಾನ್ಯ ಅಧ್ಯಕ್ಷರ ಸುದೀರ್ಘವಾದ, ವಿದ್ವತ್ಪೂರ್ಣವಾದ ಭಾಷಣವನ್ನು ಮಳೆಗೆ ಹೋಲಿಸಿ..."

"ತಡೀರಿ, ತಡೀರಿ," ಅಂದರು ಅಧ್ಯಕ್ಷರು. "ಸುದೀರ್ಘ ಎಲ್ಲಿ ಮಾರಾಯ್ರೆ? ಬರೀ ನಲವತ್ತು ಸೆಂಟು ಅಂತ ಬರ್ದಿದ್ದಾಳಲ್ಲ! ನನ್ನ ತಕರಾರೇ ಅದು."

ಪ್ರಿನ್ಸಿಪಾಲರು ಆರೋಪದ ಹಾಳೆ ತಿರುಗಿಸಿ ನೋಡಿದರು.

"ಮಳೆಗೆ ಹೋಲಿಸಿದ್ರೆ ನಂಗೇನು ಬೇಜಾರು? ಮಳೆಗಿಂತ ದೊಡ್ಡದು ಎಂತದಿದೆ ಇಲ್ಲಿ? ಆ ಪಕ್ಕದ ಎಸ್ಟೇಟಿನವನಿಗೆ ಒಂದು ಇಂಚು ಇಪ್ಪತ್ತೈದಂತೆ, ನಂಗೆ ನಲವತ್ತಂತೆ! ಅವನೇ ಫೋಟೋ ಕಳಿಸಿ, 'ಎಂತ ಮಾರಾಯ, ನಿಂಗೆ ಹೂವಿಗೂ ಸಾಲ್ಲಿಲ್ವಾ?' ಅಂತ ಕೇಳ್ತಾನೆ. ಕ್ಲಬ್ಬಲ್ಲಿ ತಲೆ ಎತ್ತೋಕಾಗ್ತಿಲ್ಲ ನಂಗೆ."

ಪಕ್ಕದ ಎಸ್ಟೇಟಿನವರು ಅಂದರೆ ಆ ದಿನದ ಮುಖ್ಯ ಅತಿಥಿ, ಫಿಲ್ಟರ್ ಕೊಟ್ಟವರು. ಇವರಿಬ್ಬರ ಮಳೆ ಪೈಪೋಟಿ ಅಪ್ಪಂದಿರ ಕಾಲದಿಂದಲೂ ಇದ್ದದ್ದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದೆ.

"ಸರ್, ಹಾಗಾದ್ರೆ ಸಸ್ಪೆನ್ಷನ್..." ಅಂದರು ಪ್ರಿನ್ಸಿಪಾಲರು.

"ಸಸ್ಪೆಂಡ್ ಮಾಡಿ ಅಂತ ನಾನೆಲ್ಲಿ ಅಂದೆ? ಕರೆಸಿ ಅಂದೆ, ಅಷ್ಟೆ. ತಿದ್ಸೋಕೆ." ಅಧ್ಯಕ್ಷರು ಹುಡುಗಿಯ ಕಡೆ ತಿರುಗಿದರು. "ನೋಡಮ್ಮ, ಒಂದು ಇಂಚು ಅಂತ ಮಾಡು. ಜಾಸ್ತಿ ಬೇಡ. ಮುಗೀತು."

ಪ್ರಿನ್ಸಿಪಾಲರ ಮುಖಕ್ಕೆ ಜೀವ ಬಂತು. ಹುಡುಗಿಯ ಪರೀಕ್ಷೆ ಅರ್ಜಿಯನ್ನು ತಾವೇ ಫೈಲಿನಿಂದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಇಟ್ಟುಕೊಂಡರು. "ತಿದ್ದಮ್ಮ, ತಿದ್ದು. ಒಂದು ಅಂಕಿ ತಾನೆ? ಇಲ್ಲೇ ಸಹಿ ಹಾಕ್ತೀನಿ."

ಈಗಲಾದರೂ ತಿದ್ದುತ್ತಾಳೆ ಅಂದುಕೊಂಡೆ. ನನ್ನೊಳಗಿನ ಹೇಡಿ ತಿದ್ದು ತಾಯಿ ಅಂತ ಬೇಡುತ್ತಲೂ ಇದ್ದಳು.

ಹುಡುಗಿ ಪೆನ್ನು ಮುಟ್ಟಲಿಲ್ಲ. "ಆಗಲ್ಲ ಸರ್. ವಾಚ್ ನೋಡಿ ಬರೆದಿದ್ದೀನಿ. ಬೇಕಾದ್ರೆ ಕ್ಷಮೆ ಕೇಳ್ತೀನಿ. ಮುಂದೆ ಬ್ಯಾಕಿಂಗ್ ಬಂದ್ರೆ ಅದನ್ನೂ ಬರೀತೀನಿ. ಬಿದ್ದಿದ್ದು ನಲವತ್ತೇ."

ಅಧ್ಯಕ್ಷರಿಗೆ ಸಿಟ್ಟು ಬಂದೇಬಿಟ್ಟಿತು. ಮೇಜು ಗುದ್ದಿದ್ದಕ್ಕೆ ಒಂದು ಪೇಪರ್‌ವೇಟ್ ಉರುಳಿ ಶೀಟಿನ ಮೂಲೆ ಸುರುಳಿ ಸುತ್ತಿಕೊಂಡಿತು. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ಇವಳ ಅಪ್ಪ ಎಲ್ಲಿ? ಕರೀರಿ ಒಳಗೆ. ರೈಟ್ರೆ!"

ರೈಟ್ರು ಚಪ್ಪಲಿ ಹೊರಗೆ ಬಿಟ್ಟು ಬಂದು ಬಾಗಿಲ ಹತ್ತಿರ ನಿಂತರು.

"ನಿಮ್ಮ ಮಗಳು ನಂಗೆ ನಲವತ್ತು ಸೆಂಟು ಬರ್ದಿದ್ದಾಳೆ. ಒಂದು ಇಂಚು ಅಂತ ತಿದ್ದೋಕೆ ಹೇಳಿ."

ರೈಟ್ರು ಮಗಳನ್ನು ನೋಡಿದರು, ಮೇಜಿನ ಮೇಲಿದ್ದ ಅರ್ಜಿ ನೋಡಿದರು. ಆಮೇಲೆ ತಲೆ ತಗ್ಗಿಸಿಕೊಂಡೇ, ಬಹಳ ಮರ್ಯಾದೆಯಿಂದ ಹೇಳಿದರು: "ಸಾವ್ಕಾರ್ರೆ, ನಾನು ಕೆಲಸಕ್ಕೆ ಸೇರಿದ ವರ್ಷ ನಮ್ಮಲ್ಲಿ ಮೂವತ್ತೈದು ಸೆಂಟು ಬಂದಿತ್ತು. ನಿಮಗೆ ಖುಷಿಯಾಗ್ಲಿ ಅಂತ ಅರವತ್ತು ಬರ್ದಿದ್ದೆ. ನೀವು ಆ ಹಾಳೇನೇ ಹರಿದು ಕೈಗೆ ಕೊಟ್ರಿ. 'ಗೇಜಲ್ಲಿ ಬಿದ್ದಿದ್ದು ಬರಿ ಮಾರಾಯ, ನಂಗೆ ಬೇಕಾಗಿದ್ದಲ್ಲ' ಅಂದ್ರಿ. ನನ್ನ ಮಗಳಿಗೆ ನಾನು ಅದನ್ನೇ ಕಲಿಸಿದ್ದು. ಈಗ ತಿದ್ದು ಅಂತ ಹೇಗೆ ಹೇಳ್ಲಿ?"

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಶೀಟಿನ ಮೇಲೆ ಬಗ್ಗಿದರು. ಸುರುಳಿಯಾದ ಮೂಲೆಯನ್ನು ತಾವೇ ಅಂಗೈಯಿಂದ ಒತ್ತಿ ಹಿಡಿದು, ಅಂಕಿಯನ್ನು ದಾಟಿ ಪಕ್ಕದ ಷರಾವನ್ನು ಮೊದಲ ಸಲ ಓದಿದರು ಅಂತ ಕಾಣುತ್ತದೆ. ತುಟಿ ಅಲ್ಲಾಡುತ್ತಿತ್ತು. "ಮೊಗ್ಗು ಕೆಟ್ಟಿತು" ಅನ್ನುವಲ್ಲಿ ನಿಂತರು. ಐವತ್ತು ವರ್ಷದಿಂದ ಕಾಫಿ ಬೆಳೆದವರಿಗೆ ಆ ಎರಡು ಪದ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಓದೋ ಕೋಣೆ ಇನ್ನೂ ಆಗ್ಲಿಲ್ವಾ?" ಪ್ರಿನ್ಸಿಪಾಲರನ್ನು ಕೇಳಿದರು.

"ಸರ್, ತಾವು ಭಾಷಣದಲ್ಲಿ ಹೇಳಿದ್ರಿ. ಆದರೆ ಆಮೇಲೆ ತಮ್ಮಿಂದ ಮಂಜೂರಾತಿ ಪತ್ರ ಬರಲಿಲ್ಲ."

"ಈ ಮಕ್ಕಳು ಕ್ಲಾಸ್ ಮುಗಿದ ಮೇಲೆ ಎಲ್ಲಿರ್ತಾರೆ?"

"ಬಸ್‌ಸ್ಟ್ಯಾಂಡಲ್ಲಿ," ಅಂದೆ ನಾನು. "ಕಳಸದ ಕಡೆಯ ಬಸ್ಸು ಐದೂಕಾಲಿಗೆ. ಎರಡು ಗಂಟೆ ನಿಂತೇ ಇರ್ತಾರೆ. ಲೈಬ್ರರಿಗೆ ಮೂರೂವರೆಗೇ ಬೀಗ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಕುಣಿಯುವ ಹಾಗೆ. "ಎಂತ ರೈಟ್ರೆ, ನಾನು ಹೇಳಿಕೊಟ್ಟಿದ್ದು ನಂಗೇ ತಿರುಗಿಸಿದ್ರಲ್ಲ! ಹೋಗ್ಲಿ, ನಲವತ್ತೇ ಇರ್ಲಿ. ಆ ಅರ್ಜಿಗೆ ಸಹಿ ಹಾಕ್ರಿ ಪ್ರಿನ್ಸಿಪಾಲ್ರೆ, ಪೆನ್ನು ಯಾಕೆ ಮುಚ್ಚಿದ್ರಿ?"

ಪ್ರಿನ್ಸಿಪಾಲರು ಎಷ್ಟು ಅವಸರದಲ್ಲಿ ಸಹಿ ಹಾಕಿದರೆಂದರೆ ಸೀಲು ಉಲ್ಟಾ ಬಿತ್ತು. ಇನ್ನೊಂದು ಸಲ ನೆಟ್ಟಗೆ ಒತ್ತಿಸಿ, ಕಚೇರಿ ಮುಚ್ಚುವುದರೊಳಗೆ ಅರ್ಜಿ ಒಳಗೆ ಹೋಯಿತು. ರಸೀದಿ ಕೈಗೆ ಬಂದ ಮೇಲೆ ಹುಡುಗಿ ಕಾರಿಡಾರಿನಲ್ಲೇ ಅತ್ತುಬಿಟ್ಟಳು. ಅಲ್ಲಿಯವರೆಗೂ ಒಂದು ಹನಿ ಹಾಕಿರಲಿಲ್ಲ. ನಾನೂ ಅತ್ತೆ. ರೈಟ್ರು ನಮ್ಮಿಬ್ಬರನ್ನೂ ಬಿಟ್ಟು ಹೋಗಿ ಮೂರು ಟೀ ಹೇಳಿ ಬಂದರು.

ಓದುವ ಕೋಣೆ ಅಂತ ಹೊಸ ಕಟ್ಟಡವೇನೂ ಬರಲಿಲ್ಲ. ಮೂರು ವಾರ ಆದ ಮೇಲೆ ಅಧ್ಯಕ್ಷರ ಪತ್ರ ಬಂತು: ಲೈಬ್ರರಿ ಐದು ಗಂಟೆಯವರೆಗೆ ತೆರೆದಿರಬೇಕು. ಜೊತೆಗೆ ಎರಡು ಬೆಂಚು, ಒಂದು ಫ್ಯಾನು. ಆ ತಿಂಗಳ ಗೋಡೆ ಪತ್ರಿಕೆಯ ಕರಡು ಬಂದಾಗ ನಾನು ಟೀ ಲೋಟ ದೂರ ಇಟ್ಟು, ಕುರ್ಚಿಯಲ್ಲಿ ಕೂತು, ಕಾಮಾ ಪೂರ್ಣವಿರಾಮ ಸಮೇತ ಓದಿದೆ. ಕುರ್ಚಿ ಫಿಸಿಕ್ಸ್‌ನವರದು. ಓದಿ ಸಹಿ ಹಾಕಿದೆ.

ಅದು ಏರಿದ ದಿನವೇ ಅಧ್ಯಕ್ಷರ ಜೀಪು ಬಂತು. ಚೇಂಬರಿಗೂ ಹೋಗದೆ ನೇರ ಬೋರ್ಡಿನ ಮುಂದೆ ನಿಂತರು. ನಾನೂ ಹುಡುಗಿಯೂ ಎರಡು ಹೆಜ್ಜೆ ಹಿಂದೆ. ಕೊನೆಯ ಶೀಟಿನಲ್ಲಿ ಹೀಗಿತ್ತು: ಅಧ್ಯಕ್ಷರು, ಬ್ಯಾಕಿಂಗ್: ಹದಿನೈದು ಸೆಂಟು. ಅಳತೆ: ಎರಡು ಬೆಂಚು, ಒಂದು ಫ್ಯಾನು, ತಲಾ ಐದು ಸೆಂಟು. ಷರಾ: ತಡವಾಗಿ ಬಂತು. ಆದರೂ ಬಂತು. ಉಳಿದ ಮೊಗ್ಗು ಕಾಯಿ ಕಚ್ಚಿದೆ.

"ಹದಿನೈದೇ?" ಅಂದರು ತಿರುಗಿ.

"ಹದಿನೈದೇ ಸರ್," ಅಂದಳು ಹುಡುಗಿ.

ಅವರು ಇನ್ನೊಂದು ಸಲ ಓದಿದರು. ಜೇಬಿನಿಂದ ಫೋನು ತೆಗೆದರು. ಆ ಕಡೆಯಿಂದ ಎತ್ತುವುದೇ ತಡ, ಕಾರಿಡಾರೆಲ್ಲ ಕೇಳುವ ಹಾಗೆ ಕೂಗಿದರು: "ಹಲೋ, ನಂಗೆ ಬ್ಯಾಕಿಂಗ್ ಬಂತು ಮಾರಾಯ! ಎಷ್ಟಾ? ಒಂದು ಮೂವತ್ತು ಸೆಂಟು ಇರ್ಬೇಕು!"

ಹುಡುಗಿ ನನ್ನನ್ನು ನೋಡಿದಳು. ನಾನು ಗಾಜಿನ ಬಾಗಿಲು ಮುಚ್ಚಿ ಬೀಗ ಹಾಕಿದೆ. ಒಳಗೆ ಹದಿನೈದೇ ಇತ್ತು.